ಇಪ್ಪೆ ಮರದ ಕೆಳಗಿನ ಬೆಂಕಿ

ನನ್ನ ಅತ್ತೆಯ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಸುಟ್ಟ ಚರ್ಮ ಎಳೆದು ಕೂಡಿಕೊಂಡು ಬೆರಳುಗಳು ಅರ್ಧ ಮುಷ್ಟಿಯಲ್ಲೇ ನಿಂತುಬಿಟ್ಟಿದ್ದವು. ಆ ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಸಿಟ್ಟು ಬಂದರೆ ಅದೇ ಕೈಯಲ್ಲಿ ನನ್ನ ಗಂಡನಿಗೂ ಎರಡು ಕೊಡುತ್ತಿದ್ದಳು. ಎರಡು ಮಕ್ಕಳ ತಂದೆಯಾದ ಮೇಲೂ ಅವರಿಗೆ ಏಟು ತಪ್ಪಲಿಲ್ಲ.

ನಾನು ಶಹಾಬಾದಿನವಳು. ಕಲ್ಲುಗಣಿಯ ಸದ್ದಿನಲ್ಲಿ ಬೆಳೆದವಳಿಗೆ ಚಿಂಚೋಳಿಯ ಆಚೆಯ ಗುಡ್ಡದ ಈ ಊರು ಮೊದಮೊದಲು ಬರೀ ಮೌನ ಅನ್ನಿಸಿತ್ತು, ಅತ್ತೆ ಬಾಯಿ ತೆರೆಯುವವರೆಗೆ. ಕೈಗೆ ಸಿಕ್ಕಿದ್ದು ಹಾರಿ ಬರುತ್ತಿತ್ತು. ಸೌಟು, ಚರಿಗೆ, ಒಮ್ಮೆ ಕುದಿಯುವ ಬೇಳೆಯ ಸಮೇತ ಪಾತ್ರೆ. "ಕಲ್ಲಿನ ಊರಾಕಿ, ತಲಿನೂ ಕಲ್ಲೇ ಅದ ನಿಂದು," ಎನ್ನುತ್ತಿದ್ದಳು. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಡುವುದೇನಿದೆ.

ಇಲ್ಲಿ ಒಂದೊಂದು ಮನೆಗೂ ಕಾಡಂಚಿನಲ್ಲಿ ತಮ್ಮದೆಂದು ಒಂದೆರಡು ಇಪ್ಪೆ ಮರಗಳಿವೆ. ಬೇಸಿಗೆ ಶುರುವಾದರೆ ಬೆಳಗಿನ ಜಾವ ಹೂವು ಉದುರುತ್ತದೆ. ಒಣಗಿಸಿ ದನಕ್ಕೆ ಹಾಕುತ್ತಾರೆ, ಉಳಿದದ್ದನ್ನು ಸಂತೆಗೆ ಒಯ್ಯುತ್ತಾರೆ. ತರಗೆಲೆಯ ನಡುವೆ ಹುಡುಕಿ ಆಯುವುದು ಕಷ್ಟವೆಂದು, ಹೂವು ಬೀಳುವ ಮುಂಚೆ ಮರದ ಕೆಳಗಿನ ಎಲೆಗೆ ಬೆಂಕಿ ಇಡುವುದು ರೂಢಿ. ಕರಿ ನೆಲದ ಮೇಲೆ ಬಿಳಿ ಹೂವು ದೂರದಿಂದಲೇ ಕಾಣುತ್ತದೆ. ಸುತ್ತಲೂ ಗುಡಿಸಿ, ಬೆಂಕಿ ಹಚ್ಚಿ, ಅದು ಆರುವ ತನಕ ಅಲ್ಲೇ ಕೂತಿರಬೇಕು.

ನಾನು ಮದುವೆಯಾಗಿ ಬಂದ ಮರುವರ್ಷ ಅತ್ತೆ ಕೂರಲಿಲ್ಲ. ಇನ್ನೇನು ಆರಿತು ಎಂದುಕೊಂಡು ನನ್ನನ್ನೂ ಕರೆದುಕೊಂಡು ಎರಡನೆಯ ಮರಕ್ಕೆ ನಡೆದಳು. ಗಾಳಿ ತಿರುಗಿತು. ನಾವು ತಲೆ ಎತ್ತುವಷ್ಟರಲ್ಲಿ ಉರಿ ಒಣಹುಲ್ಲು ಹಿಡಿದು ಚಿಕ್ಕಮಾವನ ಆಡಿನ ಹಟ್ಟಿಯ ಕಡೆ ಓಡುತ್ತಿತ್ತು. ಚಿಕ್ಕಮಾವ ಎಂದರೆ ಅತ್ತೆಯ ಮೈದುನ. ಅವರು ಆಡುಗಳನ್ನು ಮೇಯಿಸಲು ಹೋಗಿದ್ದರು. ಹಟ್ಟಿಯಲ್ಲಿ ಎಳೆ ಮರಿಗಳಷ್ಟೇ ಇದ್ದವು. ತಾಯಿಯ ಹಿಂದೆ ಓಡದಿರಲೆಂದು ಅವುಗಳ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿದ್ದರು.

ಸುತ್ತ ಜಾಲಿ ಮುಳ್ಳಿನ ಬೇಲಿ. ಅದು ಚಟಚಟನೆ ಹೊತ್ತಿತು, ಒಳಗೆ ಮರಿಗಳು ಕಿರುಚತೊಡಗಿದವು. ಅತ್ತೆ ಉರಿಯುವ ಮುಳ್ಳನ್ನು ಬರಿಗೈಯಲ್ಲಿ ಕಿತ್ತೆಸೆದು ನುಗ್ಗಿದಳು. ಹತ್ತಿಕೊಂಡ ಬುಟ್ಟಿಗಳನ್ನು ಎತ್ತಿ, ಸಿಕ್ಕ ಮರಿಯ ಕಾಲು ಹಿಡಿದು ನನ್ನತ್ತ ಒಗೆದಳು. ಕೆಲವು ಉಳಿದವು. ಹೆಚ್ಚಿನವು ಬುಟ್ಟಿಯೊಳಗೇ ಬೆಂದು ಸತ್ತವು.

ಸಂಜೆ ಆಡುಗಳು ಕೆಚ್ಚಲು ತುಂಬಿಕೊಂಡು ಬಂದವು. ಬೂದಿ ಮೂಸಿ ಮೂಸಿ ಅರಚಿದವು. ಚಿಕ್ಕಮಾವ ಕೋಲೆತ್ತಿ, ಊರೆಲ್ಲ ನೋಡುತ್ತಿರುವಾಗಲೇ ಅತ್ತೆಯ ಬೆನ್ನಿಗೆ, ಹೆಗಲಿಗೆ, ತಲೆಗೆ ಬಾರಿಸಿದರು. ಕಿವಿಯಿಂದ ರಕ್ತ ಇಳಿಯಿತು. ನನ್ನ ಗಂಡ ಕೊಡಲಿ ಎತ್ತಿಕೊಂಡರು.

"ಕೊಡ್ಲಿ ಕೆಳಗಿಡು!" ಅತ್ತೆ ಮಗನಿಗೆ ಕಿರುಚಿದಳು. "ಮರಿ ಸುಟ್ಟಾಕಿ ನಾ. ಅಂವ ಹೊಡೀಲಿ. ನಡುವ ಬಂದ್ರ ನಿನ್ನ ಕಾಲ ಮುರೀತೀನಿ."

ಕೋಲು ಮುರಿಯುವವರೆಗೂ ನಿಂತೇ ಇದ್ದಳು. ಅಂದಿನಿಂದ ಚಿಕ್ಕಮಾವ ಆಕೆಯೊಂದಿಗೆ ಒಂದು ಮಾತೂ ಆಡಲಿಲ್ಲ.

ಕೈ ಮಾಯ್ದ ಮೇಲೆ ಅತ್ತೆ ಮತ್ತೆಂದೂ ಮರದ ಕೆಳಗೆ ಬೆಂಕಿ ಇಡಲಿಲ್ಲ, ಬೇರೆಯವರಿಗೂ ಇಡಗೊಡಲಿಲ್ಲ. ಯಾರ ಮರವಾದರೂ ಸರಿ, ಕಡ್ಡಿಪೆಟ್ಟಿಗೆ ಕಂಡರೆ ಕಲ್ಲು ಬೀಸುತ್ತಿದ್ದಳು. "ಹೂ ಬೇಕಂದ್ರ ಸೊಂಟ ಬಗ್ಗಸು, ಬೆಂಕಿ ಯಾಕ ಬೇಕ ನಿನಗ?" ಒಬ್ಬನ ಹಣೆ ಒಡೆಯಿತು. ಅವನು ಜಗಳಕ್ಕೆಂದು ಮನೆಗೇ ಬಂದಾಗ ಗಾಯಕ್ಕೆ ಅರಿಶಿನ ಮೆತ್ತುತ್ತ, "ಮುಂದಿನ ಸಲ ಹಲ್ಲ ಉದರಸ್ತೀನಿ," ಎಂದಳು. ಶಾಪ ಹಾಕುತ್ತಲೇ ಊರು ಕಸಬರಿಗೆ ಹಿಡಿಯಿತು. ನಾನೂ ಆಕೆಯ ಪಕ್ಕ ಬಗ್ಗಿ ಎಲೆ ಗುಡಿಸಿದೆ. ಆಕೆಯ ಮೇಲಿನ ನನ್ನ ಸಿಟ್ಟು ಯಾವ ಬೇಸಿಗೆಯಲ್ಲಿ ಹೋಯಿತೋ ತಿಳಿಯದು.

ಈ ವರ್ಷ, ಹೂವು ಬೀಳುವ ಹೊತ್ತಿಗೇ, ಜ್ವರ ಬಂದು ತೀರಿಕೊಂಡಳು. ಹೂಳಲು ಹೊಲದ ಕಡೆ ಒಯ್ಯುವಾಗ ಗುಡ್ಡದ ಮೇಲೆ ಹೊಗೆ ಎದ್ದಿತು. ಆಚೆ ಊರಿನವರು ಯಾರೋ ಹಚ್ಚಿದ್ದು. ಚಟ್ಟ ಹೊತ್ತವರು ಮುಖ ಮುಖ ನೋಡಿಕೊಂಡರು. ಅತ್ತಿಗೆಯ ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟಿದ್ದವರು ಚಿಕ್ಕಮಾವ.

"ಇಳಸ್ರಿ," ಎಂದರು. "ವೈನಿ ಕಾಯ್ತಾರ, ಬೆಂಕಿ ಕಾಯಂಗಿಲ್ಲ."

ಗಂಡಸರೆಲ್ಲ ಹಸಿ ಟೊಂಗೆ ಮುರಿದುಕೊಂಡು ಗುಡ್ಡಕ್ಕೆ ಓಡಿದರು. ನಾನು ದಾರಿಯ ಬದಿಯಲ್ಲಿ ಆಕೆಯ ಪಕ್ಕ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದೆ. ಗುಡ್ಡ ಉರಿಯುತ್ತಿದ್ದರೂ ಆಕೆ ಏಳಲಿಲ್ಲ, ಯಾರನ್ನೂ ಬೈಯಲಿಲ್ಲ. ಆಗಲೇ ನನಗೆ ಆಕೆ ಸತ್ತದ್ದು ಖಾತ್ರಿಯಾಯಿತು. ಬಾಯಿಬಿಟ್ಟು ಅಳತೊಡಗಿದೆ.

ಬಿಸಿಲು ಇಳಿಯುವಾಗ ಅವರು ಕೆಮ್ಮುತ್ತ ತಿರುಗಿ ಬಂದರು. ಹುಬ್ಬು ಸುಟ್ಟುಕೊಂಡಿದ್ದ ಚಿಕ್ಕಮಾವ ಚಟ್ಟದ ತಲೆಯ ಕಡೆ ಕುಕ್ಕರಗಾಲಿನಲ್ಲಿ ಕೂತು, ಆಕೆಯ ಮುಖದತ್ತ ಬಾಗಿದರು.

"ಆರ್ಸೀವ್ರಿ ವೈನಿ," ಎಂದರು. "ಇನ್ನ ನಡೀರಿ."