ಕೂಸಿನ ಮನೆಯ ಕಿಟಕಿಗೆ ಕೆಂಪು ಖಣ

೧೯೫೬ನೆಯ ಇಸವಿ ಸೆಪ್ಟೆಂಬರ್ ೧೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಗದಗ-ಬೆಟಗೇರಿಯ ಒಂದು ನೂಲಿನ ಗಿರಣಿಯಲ್ಲಿ ನಾನು ಆಗ ನರ್ಸು. ಕೆಲಸಕ್ಕೆ ಸೇರಿ ಒಂದು ವರ್ಷ ಒಂದು ತಿಂಗಳಾಗಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಸಣ್ಣ ಮಕ್ಕಳಿಗೆ ಒಂದು ಕೋಣೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಹತ್ತಿಯ ಹಳೆಯ ಗೋದಾಮಿಗೆ ಸುಣ್ಣ ಬಳಿದು ಹನ್ನೊಂದು ತೊಟ್ಟಿಲು ಕಟ್ಟಿದ್ದರು. ಕಚೇರಿಯ ಕಾಗದದಲ್ಲಿ ಅದು ಶಿಶುಗೃಹ. ಉಳಿದವರೆಲ್ಲರ ಬಾಯಲ್ಲಿ ಕೂಸಿನ ಮನಿ. ಅಲ್ಲಿ ನಾನು ಮತ್ತು ಆಯಾ ಮಾಬೂಬಿ, ಇಬ್ಬರೇ.

ಆ ಹೊತ್ತಿಗೆ ಮಾಬೂಬಿ ಒಂದು ತೊಟ್ಟಿಲಿನ ಮುಂದೆ ನಿಂತು ನನ್ನನ್ನು ಕರೆದಳು. “ಬಾಯಾರ, ಈ ಕೂಸು ಎಚ್ಚರ ಆಗವಲ್ದು ನೋಡ್ರಿ.”

ಕೂಸಿನ ಹೆಸರು ಫಕೀರವ್ವ, ಏಳು ತಿಂಗಳು. ತಾಯಿ ಶಾಂತವ್ವ ಶಿರಹಟ್ಟಿಯವಳು. ಎಂದೂ ಅಳದ ಕೂಸೆಂದು ಫಕೀರವ್ವನನ್ನು ಎಲ್ಲರೂ ಹೊಗಳುತ್ತಿದ್ದರು. ನಾನು ಅಂಗಾಲಿಗೆ ಬೆರಳಿನಿಂದ ಹೊಡೆದೆ. ಕಾಲು ಎಳೆದುಕೊಳ್ಳಲಿಲ್ಲ. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಉಸಿರು ಬಹಳ ನಿಧಾನ. ಟಾಂಗಾ ಮಾಡಿಕೊಂಡು ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಮಾಬೂಬಿ ಅದರ ಪಾದ ತಿಕ್ಕುತ್ತ, “ಏಳವ್ವ, ಅತ್ತು ಬಿಡು, ಒಮ್ಮಿ ಅತ್ತು ಬಿಡು” ಎನ್ನುತ್ತಿದ್ದಳು. ಟಾಂಗಾದವನು ಕೇಳಿದ, “ಮಂದಿ ಕೂಸಿಗಿ ಅಳಬ್ಯಾಡ ಅಂತಾರ, ನೀ ಏನಬೇ?”

ಡಾಕ್ಟರು ನೋಡಿದವರೇ ಹೇಳಿದರು: ಅಫೀಮು. ಎರಡು ರಾತ್ರಿ ಕೂಸನ್ನು ಅಲ್ಲಿಯೇ ಇಟ್ಟುಕೊಂಡರು. ಮೂರನೆಯ ದಿನ ಕಳಿಸುವಾಗ ಶಾಂತವ್ವನನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿ, “ಇನ್ನೊಂದು ಅಫೀಮಿನ ಗುಳಿಗೆ ಹೊಟ್ಟೆಗೆ ಹೋದರೆ ಕೂಸು ಉಳಿಯುವ ಭರವಸೆ ನಾನು ಕೊಡುವುದಿಲ್ಲ. ಮೂರು ತಾಸಿಗೊಮ್ಮೆ ತಾಯಿಯ ಹಾಲು. ಮಲಗಿದ್ದರೆ ಎಬ್ಬಿಸಿ ಕುಡಿಸಬೇಕು” ಎಂದರು.

ಆ ಸಂಜೆ ನಾನು ಶಾಂತವ್ವನ ಜೊತೆ ಗಿರಣಿಯ ಚಾಳಿಗೆ ಹೋದೆ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸಾಲು, ಮನೆಗೊಂದೇ ಕೋಣೆ. ಒಲೆ, ಕೊಡ, ಹಾಸಿಗೆ, ತೊಟ್ಟಿಲು ಎಲ್ಲ ಅದರಲ್ಲೇ. ಇಡೀ ಸಾಲಿಗೆ ಒಂದು ನಳ. ಬೆಳಕು ಹರಿಯುವ ಮುಂಚೆಯೇ ಕೊಡಗಳು ಸಾಲುಗಟ್ಟಿರುತ್ತಿದ್ದವು. ಶಾಂತವ್ವ ಹಗಲು ಪಾಳಿ, ಗಂಡ ರಾತ್ರಿ ಪಾಳಿ. ಆಕೆ ಎದ್ದುಹೋದ ಹಾಸಿಗೆಯಲ್ಲಿ ಆತ ಬಂದು ಮಲಗುತ್ತಿದ್ದ. ಆ ಹಾಸಿಗೆ ಆರಿದ್ದನ್ನು ತಾನು ನೋಡಿಯೇ ಇಲ್ಲ ಎಂದಳು.

“ಗುಳಿಗಿ ಯಾಕ ಕೊಟ್ಟಿ?” ಎಂದು ಕೇಳಿದೆ.

“ಸಾಸಿವಿ ಕಾಳಿನಷ್ಟ್ರಿ ಬಾಯಾರ. ಈ ಸಾಲಿನ್ಯಾಗ ಕೊಡಲಾರದಾಕಿ ಯಾರದಾಳ ಕೇಳ್ರಿ. ಸೂಟಿ ದಿನಾ ಇದು ಮನ್ಯಾಗ ಅತ್ತರ ಅವರ ನಿದ್ದಿ ಕೆಡತೈತಿ, ಬಾಜೂ ಮನಿಯವರು ಗ್ವಾಡಿ ಬಡೀತಾರ. ಕೆಲಸದ ದಿನಾ ಇದು ಹಸದು ಅತ್ತರ ನಾ ಎಲ್ಲಿಂದ ಬರ್ಲಿ? ರೀಲ್ ಬಿಟ್ಟು ಬಂದರ ಬದಲಿಯಾಕಿ ನಿಂತಿರತಾಳ.” ಕೂಸನ್ನು ತೊಟ್ಟಿಲಿಗೆ ಹಾಕುತ್ತ ಹೇಳಿದಳು: “ಹಾಲು ಇಲ್ಲಂತ ಅಲ್ರಿ. ಅಲ್ಲಿ ರೀಲಿನ ಮುಂದ ನಿಂತಾಗ ಕುಬಸ ತೊಯ್ದು ಹೋಗತೈತಿ. ಇದು ನಿಮ್ಮ ಕೂಸಿನ ಮನ್ಯಾಗ ಮಲಗಿರತೈತಿ.”

ಇಲ್ಲಿ ರೀಲಿನ ಕೆಲಸವನ್ನು ತಿಳಿಸಬೇಕು. ಬಾಬಿನ್ನುಗಳ ಮೇಲಿನ ನೂಲನ್ನು ದೊಡ್ಡ ರಾಟೆಯಂಥ ರೀಲಿಗೆ ಸುತ್ತಿ, ಕೈಮಗ್ಗದವರು ಬಳಸುವ ಲಡಿಗಳನ್ನಾಗಿ ಮಾಡುವುದೇ ರೀಲಿಂಗ್. ಎಳೆ ಹರಿದಾಗ ಗಂಟು ಹಾಕಬೇಕು. ಕಣ್ಣು ಅತ್ತಿತ್ತ ಆಗುವಂತಿಲ್ಲ. ಆ ಖಾತೆಯಲ್ಲಿ ಎಲ್ಲರೂ ಹೆಂಗಸರು, ಅವರ ಮೇಲೊಬ್ಬ ಜಾಬರ, ಅಂದರೆ ಮೇಲ್ವಿಚಾರಕ, ಈರಪ್ಪ. ಯಾರಾದರೂ ರೀಲು ಬಿಟ್ಟು ಹೋದರೆ ಬಾಗಿಲಲ್ಲಿ ಕಾದಿರುವ ಬದಲಿಯವಳಿಗೆ ಆ ದಿನದ ಮಟ್ಟಿಗೆ ರೀಲು ಕೊಡುವ ಅಧಿಕಾರ ಆತನಿಗಿತ್ತು. ಶಾಂತವ್ವನ ಪಾಡು ಹೀಗಿತ್ತು: ಹಾಲು ಕುಡಿಸಲು ಬಂದರೆ ರೀಲು ಹೋಗುತ್ತದೆ, ಬರದಿದ್ದರೆ ಕೂಸು ಹೋಗುತ್ತದೆ.

ಮರುದಿನದಿಂದ ಫಕೀರವ್ವ ಎದ್ದಾಗಲೆಲ್ಲ ಮಾಬೂಬಿ ಅಂಗಳ ದಾಟಿ ಹೋಗಿ ಕರೆಯತೊಡಗಿದಳು. ಯಂತ್ರಗಳ ಸದ್ದಿನಲ್ಲಿ ಹೆಸರು ಹಿಡಿದು ಕೂಗಿದರೆ ಕೇಳಿಸುವುದಿಲ್ಲ. ಬಾಗಿಲಲ್ಲಿ ಆಕೆಯ ಮುಖ ಕಂಡರೆ ಸಾಕು, ತನ್ನದೇ ಕೂಸಿಗೆ ಏನೋ ಆಯಿತೆಂದು ಹನ್ನೊಂದು ತಾಯಂದಿರೂ ರೀಲು ಬಿಟ್ಟು ಓಡಿಬರುತ್ತಿದ್ದರು. ಎರಡು ದಿನ ನೋಡಿ ಈರಪ್ಪ ಬಾಗಿಲಿಗೆ ಅಡ್ಡ ನಿಂತ.

“ಏನಬೇ ಮಾಬೂಬಿ, ನೀ ಬಂದರ ಪೊಲೀಸರು ಬಂದಂಗ ಆಗತೈತಿ. ಒಬ್ಬಾಕಿನ್ನ ಕರಿ ಅಂದ್ರ ಪಂಢರಪುರದ ದಿಂಡಿನ ಹೊಂಡತೈತಿ. ನಾಳಿಯಿಂದ ಈ ಕಡೆ ಬರಬ್ಯಾಡ.”

“ನಾ ಬರೂದಿಲ್ಲಪಾ. ಕೂಸಿಗಿ ಹಾಲು ನೀ ಕುಡಸತೀಯೇನ?” ಎಂದಳು ಮಾಬೂಬಿ. ಒಳಗಿದ್ದವರು ನಕ್ಕರು. ಈರಪ್ಪನ ಮಾತು ಮಾತ್ರ ಬದಲಾಗಲಿಲ್ಲ.

ದಾರಿ ಹುಡುಕಿದವಳು ಶಾಂತವ್ವನೇ. ರೀಲಿಂಗಿನಲ್ಲಿ ಪ್ರತಿಯೊಬ್ಬಳೂ ತನ್ನ ಲಡಿಗೆ ತನ್ನದೇ ಬಣ್ಣದ ದಾರ ಕಟ್ಟುತ್ತಿದ್ದಳು. ಎಣಿಸುವಾಗ ಯಾರದು ಯಾವುದೆಂದು ಅದರಿಂದ ತಿಳಿಯುತ್ತಿತ್ತು. “ಲಡಿಗಿ ಗುರುತು ಕಟ್ಟತೀವಲ್ರಿ, ಹಂಗ ಕೂಸಿಗೊಂದು ಗುರುತು ಇಟ್ಟರಾತು” ಎಂದಳು. ನಮ್ಮ ಕಿಟಕಿ ಅಂಗಳದಾಚೆ ಅವರ ರೀಲುಗಳಿಗೆ ನೇರ ಕಾಣುತ್ತಿತ್ತು. ಮರುದಿನ ಹನ್ನೊಂದು ಮಂದಿಯೂ ಒಂದೊಂದು ತುಂಡು ಬಟ್ಟೆ ತಂದರು: ಒಬ್ಬಳದು ಹಳೆಯ ಇಳಕಲ್ ಸೀರೆಯ ಸೆರಗು, ಇನ್ನೊಬ್ಬಳದು ಗಂಡನ ರುಮಾಲಿನ ಚೂರು. ಶಾಂತವ್ವನದು ಮದುವೆಯ ಕುಬಸದ ಕೆಂಪು ಖಣ. ಯಾರ ಕೂಸು ಹಸಿದಿದೆಯೋ ಅವರ ಬಟ್ಟೆ ಕಿಟಕಿಗೆ ಬೀಳುತ್ತಿತ್ತು, ಆಕೆಯೊಬ್ಬಳೇ ಬರುತ್ತಿದ್ದಳು. ಆಕೆ ತಿರುಗಿ ಹೋಗುವತನಕ ಪಕ್ಕದವಳು ಎರಡೂ ರೀಲಿನ ಗಂಟು ಹಾಕುತ್ತಿದ್ದಳು. ಈರಪ್ಪ ಕಂಡೂ ಕಾಣದಂತಿದ್ದ. ಮಾಬೂಬಿ ಬಾಗಿಲಲ್ಲಿ ನೀರಿನ ಬಕೀಟು ಇಟ್ಟುಕೊಂಡು, ಬಂದವಳ ಕೂದಲು, ಎದೆಯ ಮೇಲಿನ ಹತ್ತಿಯ ಎಳೆ ಒರೆಸಿದ ನಂತರವೇ ಕೂಸನ್ನು ಮಡಿಲಿಗೆ ಹಾಕುತ್ತಿದ್ದಳು. ಹತ್ತು ದಿನಕ್ಕೆ ಫಕೀರವ್ವನಿಗೆ ಅಳು ಬಂತು. ಮೊದಲು ಬೆಕ್ಕಿನ ಮರಿಯಂತೆ, ಆಮೇಲೆ ಸರಿಯಾಗಿ. “ಬಂತು ನೋಡ್ರಿ ದನಿ” ಎಂದು ಮಾಬೂಬಿ ಹಿಗ್ಗಿದಳು.

ಇದು ಕಂಡೂ ಕಾಣದಂತೆ ನಡೆಯುವುದಕ್ಕಿಂತ ನಿಯಮವಾಗಲಿ ಎಂದು ಕಾರ್ಖಾನೆ ತನಿಖಾಧಿಕಾರಿಗಳಿಗೆ ನಾನು ಅರ್ಜಿ ಬರೆದೆ. ಅವರು ಅಕ್ಟೋಬರ್ ೩ರಂದು ಬಂದರು, ತೊಟ್ಟಿಲುಗಳನ್ನು ನೋಡಿದರು, ಹಾಲುಣಿಸುವ ಬಿಡುವು ನ್ಯಾಯವಾದದ್ದೇ ಎಂದರು. ಆದರೆ ನವೆಂಬರಿನಿಂದ ಗದಗ ಮುಂಬಯಿ ರಾಜ್ಯದಲ್ಲಿ ಇರುವುದಿಲ್ಲ. ಕಾಗದಗಳನ್ನು ಹೊಸ ರಾಜ್ಯದವರಿಗೆ ಒಪ್ಪಿಸುವ ಗಡಿಬಿಡಿ ನಡೆದಿತ್ತು. ಹೊಸಬರು ಬಂದು ನೋಡುತ್ತಾರೆ ಎಂದು ಹೇಳಿ ಹೋದರು. ಕೂಸು ಅಷ್ಟು ದಿನ ಕಾಯುವಂತಿರಲಿಲ್ಲ.

ಅಕ್ಟೋಬರ್ ೧೬, ಮಂಗಳವಾರ. ಅಂದು ನೂಲುವ ಖಾತೆಯ ಗಂಡಸರ ದೀಪಾವಳಿ ಬೋನಸ್ಸಿನ ಬಗ್ಗೆ ಕಚೇರಿಯಲ್ಲಿ ಮಾತುಕತೆ ನಡೆದಿತ್ತು. ಮಾತು ಮುರಿದರೆ ಕೆಂಪು ಝೆಂಡಾ ತೋರಿಸುತ್ತೇವೆ, ಕಂಡ ಕೂಡಲೇ ಕೆಲಸ ನಿಲ್ಲಿಸಿ ಎಂದು ಕಾರ್ಮಿಕ ಸಂಘದವರು ಹೇಳಿಟ್ಟಿದ್ದರಂತೆ. ನಮಗೆ ಇದು ಗೊತ್ತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಫಕೀರವ್ವ ಎದ್ದಳು. ಮಾಬೂಬಿ ಕೆಂಪು ಖಣವನ್ನು ಕಿಟಕಿಗೆ ಹಾಕಿದಳು. ಅಷ್ಟು ದಿನ ನಮ್ಮ ಬಟ್ಟೆಗಳನ್ನು ಒಣಹಾಕಿದ ಕೂಸಿನ ದುಪ್ಪಟಿಗಳೆಂದು ತಿಳಿದಿದ್ದ ಗಂಡಸರಿಗೆ ಅಂದು ಮಾತ್ರ ಕೆಂಪು ಕಣ್ಣಿಗೆ ಬಿತ್ತು. ಯಾರೋ ಕೂಗಿದರು, ಎಂಜಿನ್ ಮನೆಯವನು ಎಂಜಿನ್ನನ್ನೇ ನಿಲ್ಲಿಸಿದ. ಇಡೀ ಗಿರಣಿ ಸುಮ್ಮನಾಯಿತು.

ಆ ನಿಶ್ಶಬ್ದವನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಕೋಣೆಯಲ್ಲಿ ಆಗ ನಾಲ್ಕು ಕೂಸುಗಳು ಅಳುತ್ತಿದ್ದವು. ಆ ಅಳು ಅಂಗಳ ದಾಟಿ ರೀಲಿಂಗಿಗೆ ಕೇಳಿಸಿದ್ದು ಅದೇ ಮೊದಲು. ಎಲ್ಲ ತಾಯಂದಿರೂ ಬಂದರು. ಒಬ್ಬಳು ಬಾಗಿಲಲ್ಲಿ ನಿಂತು, “ದಿನಾ ಇಷ್ಟು ಅಳತಾವೇನ್ರಿ ಬಾಯಾರ?” ಎಂದು ಕೇಳಿದಳು. ನಾನು ಹೌದೆಂದೆ. ಆಕೆ ತನ್ನ ಕೂಸನ್ನು ಎತ್ತಿಕೊಂಡು ನೆಲಕ್ಕೆ ಕುಳಿತುಬಿಟ್ಟಳು.

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಬಂದರು. ಹಿಂದೆ ಈರಪ್ಪ, ಅವನ ಹಿಂದೆ ಸಂಘದ ಮುಖಂಡ.

“ಈ ಝೆಂಡಾ ಏರಿಸಿದವರು ಯಾರು?”

“ಫಕೀರವ್ವ ಏರಿಸ್ಯಾಳ್ರಿ ಸಾಹೇಬ್ರ” ಎಂದಳು ಮಾಬೂಬಿ.

“ಕರೀರಿ ಆಕೀನ್ನ.”

“ಈಗ ಬರೂದಿಲ್ರಿ. ಹಾಲು ಕುಡ್ಯಾಕ ಹತ್ಯಾಳ.”

ಮೂಲೆಯಲ್ಲಿ ಶಾಂತವ್ವ ಕೂಸನ್ನು ಎದೆಗೆ ಹಾಕಿಕೊಂಡು ಕುಳಿತಿದ್ದಳು. ಸಾಹೇಬರು ತಟ್ಟನೆ ಗೋಡೆಯ ಕಡೆ ತಿರುಗಿದರು. ಹೊರಗೆ ಗಂಡಸರು ಬಿದ್ದು ಬಿದ್ದು ನಗುವುದು ಕೇಳಿಸಿತು. ಸಾಹೇಬರಿಗೆ ನಗು ಬರಲಿಲ್ಲ. ಬಟ್ಟೆಗಳೆಲ್ಲ ಇಳಿಯಬೇಕು, ಪಾಳಿ ಮುಗಿಯುವವರೆಗೆ ಯಾವ ತಾಯಿಯೂ ಖಾತೆ ಬಿಟ್ಟು ಹೊರಗೆ ಬರಬಾರದು ಎಂದು ಗೋಡೆಗೇ ಹೇಳಿ ಹೊರಟರು.

ಹೆಂಗಸರು ಕೆಲಸಕ್ಕೆ ಹೋಗಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಕೂಸುಗಳನ್ನು ಎತ್ತಿಕೊಂಡು ಅಂಗಳದಲ್ಲಿ ಕುಳಿತರು. ಮಕ್ಕಳಿಲ್ಲದವರೂ ಬಂದು ಕುಳಿತರು. ಮುಖಂಡನಿಗೆ ಹುರುಪು ಬಂತು. “ಶಾಂತವ್ವಕ್ಕ, ನಮ್ಮ ಬೋನಸ್ಸು, ನಿಮ್ಮ ಬಿಡುವು ಎರಡೂ ಕೂಡಿಸಿ ಬರದು ಕೊಡೂನು. ಹಬ್ಬದತನಕ ಗಟ್ಟಿ ಕುಂದರ್ರಿ” ಎಂದ.

ಶಾಂತವ್ವ ತಲೆ ಎತ್ತದೆ ಹೇಳಿದಳು: “ನಿಮ್ಮದು ಹಬ್ಬಕ್ಕ ಬೇಕಣ್ಣ. ನಮ್ಮದು ಮೂರು ತಾಸಿಗೆ ಬೇಕು.”

ಮಾತುಕತೆ ಇನ್ನೂ ಮುರಿದಿರಲಿಲ್ಲ, ಗಂಡಸರು ಒಂದು ತಾಸು ಕಳೆದ ಮೇಲೆ ಒಳಗೆ ಹೋದರು. ಹೆಂಗಸರು ಆ ದಿನ, ಮರುದಿನ ಮಧ್ಯಾಹ್ನದವರೆಗೆ ಕುಳಿತರು. ಹಬ್ಬದ ಮುಂದೆ ಬೆಟಗೇರಿಯ ಮಗ್ಗಗಳಿಗೆ ಲಡಿ ಬೇಕಾಗಿತ್ತು. ಅಂಗಡಿಯವರು ಗೇಟಿಗೆ ಬರತೊಡಗಿದರು. ಸಾಹೇಬರು ನನ್ನನ್ನೂ ಈರಪ್ಪನನ್ನೂ ಕರೆಸಿದರು. ಈ ಒಂದು ತಿಂಗಳಲ್ಲಿ ಲಡಿ ಎಷ್ಟು ಕಡಿಮೆಯಾಗಿದೆ ಎಂದು ಈರಪ್ಪನನ್ನು ಕೇಳಿದರು. ಅವನು ಶಾಂತವ್ವನ ವಿರುದ್ಧ ಹೇಳುತ್ತಾನೆಂದೇ ನಾನು ಭಾವಿಸಿದ್ದೆ.

“ಕಡಿಮಿ ಆಗಿಲ್ರಿ” ಎಂದ ಈರಪ್ಪ. “ಮೊದಲ ಹನ್ನೊಂದೂ ಮಂದಿ ಓಡತಿದ್ರು, ಈಗ ಒಬ್ಬಾಕಿ ಓಡತಾಳ. ಬಾಜೂದಾಕಿ ಗಂಟು ಹಾಕತಾಳ. ರೀಲ್ ನಿಂದ್ರೂದಿಲ್ರಿ.” ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಮತ್ತೆ ಹೇಳಿದ: “ನಮ್ಮಾಕಿನೂ ಮೊದಲ ಇದ ಖಾತ್ಯಾಗ ಇದ್ಳರಿ. ಒಂದು ಕೂಸು ಮಲಗಿದ್ದು ಏಳಲಿಲ್ಲ. ಯಾತಕ್ಕಂತ ಆವಾಗ ಯಾರೂ ಹೇಳಲಿಲ್ಲ.”

ಮಧ್ಯಾಹ್ನ ಒಂದೂವರೆಗೆ ಆದೇಶ ಬಂತು: ಹಾಲು ಕುಡಿಸುವ ತಾಯಿಗೆ ಪಾಳಿಯಲ್ಲಿ ಎರಡು ಸಲ ಕಾಲು ಕಾಲು ತಾಸು, ಊಟದ ಬಿಡುವು ಬೇರೆ, ಆ ಹೊತ್ತಿನಲ್ಲಿ ರೀಲನ್ನು ಬದಲಿಯವಳಿಗೆ ಕೊಡಕೂಡದು. ಬಟ್ಟೆ ಹಾಕಬಹುದು, ಕೆಂಪು ಬೇಡ. ಶಾಂತವ್ವ ಮರುದಿನ ಹಳದಿ ತುಂಡು ತಂದಳು.

ನವೆಂಬರ್ ಒಂದರಂದು ಊರಿನಲ್ಲಿ ಏಕೀಕರಣದ ಮೆರವಣಿಗೆ. ಗಿರಣಿಯಲ್ಲಿ ಪೇಢೆ ಹಂಚಿದರು. ಶಾಂತವ್ವ ತನ್ನ ಪಾಲಿನದನ್ನು ಸೆರಗಿಗೆ ಕಟ್ಟಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಹೊಸಾ ರಾಜ್ಯದಾಗೂ ಎರಡು ಸರತಿ ಬಿಡತಾರಲ್ರಿ ಬಾಯಾರ?” ಬಿಡುತ್ತಾರೆ ಎಂದೆ. ಬಿಟ್ಟರು ಕೂಡ.

ಈಗ ೧೯೬೧. ನಾನು ಬೇರೆ ಊರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಕೋಣೆಗೆ ಹೋದಾಗ ಅಳುವ ಕೂಸಿನ ಹತ್ತಿರ ಆಯಾ ಹೋಗುತ್ತಾಳೆ. ನಾನು ಮೊದಲು ಸುಮ್ಮನೆ ಮಲಗಿರುವುದರ ಹತ್ತಿರ ಹೋಗಿ ಅಂಗಾಲು ಮುಟ್ಟುತ್ತೇನೆ. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು.

೧೯೫೭ರ ಜೂನಿನಲ್ಲಿ ಶಾಂತವ್ವ ಮತ್ತು ಆಕೆಯ ಗಂಡ ಬೇರೆ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು ಊರು ಬಿಟ್ಟರು. ದಾವಣಗೆರೆ ಎಂದು ಕೆಲವರು, ಸೊಲ್ಲಾಪುರ ಎಂದು ಕೆಲವರು ಹೇಳಿದರು. ಫಕೀರವ್ವನಿಗೆ ಆಗ ಹದಿನಾರು ತಿಂಗಳು. ಕುಳಿತುಕೊಳ್ಳುತ್ತಿದ್ದಳು, ನಗುತ್ತಿದ್ದಳು, ಮಾಬೂಬಿಯನ್ನು “ಬೂ” ಎಂದು ಕರೆಯುತ್ತಿದ್ದಳು. ಆದರೆ ಕಾಲೂರಿ ನಿಲ್ಲುತ್ತಿರಲಿಲ್ಲ. ಅಫೀಮಿನಿಂದ ತಡವಾಗಿರಬಹುದು, ಕಾಯ್ದು ನೋಡಿ ಎಂದು ಡಾಕ್ಟರು ಹೇಳಿದ್ದರು. ಈಗ ಆಕೆಗೆ ಐದು ತುಂಬಿರಬೇಕು. ಶಿರಹಟ್ಟಿಯ ಶಾಂತವ್ವನನ್ನು ಬಲ್ಲವರು, ಯಾವ ಊರಿನವರೇ ಆಗಲಿ, ಈ ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಫಕೀರವ್ವ ನಡೆದಳೇ, ಅಷ್ಟು ತಿಳಿಸಿದರೆ ಸಾಕು. ಮಾಬೂಬಿಯೂ ನನಗೆ ಕಾಗದ ಬರೆಸಿದಾಗಲೆಲ್ಲ ಅದನ್ನೇ ಕೇಳುತ್ತಾಳೆ.