ಮುಗಿದುಹೋದ ಸರ್‌ನೇಮ್

ಲಂಡನ್ನಿನ ಕೆಂಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನಿಗೆ ತನ್ನ ಸರ್‌ನೇಮಿನ ಹುಚ್ಚು. ದೇಶದಲ್ಲೇ ಅಪರೂಪದ್ದಂತೆ ಅದು. ಉತ್ತರದ ಕಡೆ ಯಾವುದೋ ಹಳ್ಳದ ದಂಡೆಯಲ್ಲಿದ್ದ ನಾಲ್ಕು ಮನೆಗಳ ಊರಿನಿಂದ ಬಂದದ್ದು. ಊರು ಅಳಿದು ಹೆಸರು ಉಳಿಯಿತು. ಊಟದ ಕೋಣೆಯ ಗೋಡೆಯ ಮೇಲೆ ಇಂಗ್ಲೆಂಡಿನ ನಕಾಶೆ, ಆ ಹೆಸರಿನವರು ಇರುವಲ್ಲೆಲ್ಲ ಗುಂಡುಸೂಜಿ. ಹಳ್ಳದ ಸುತ್ತ ಒತ್ತೊತ್ತಾಗಿ, ಗಿರಣಿ ಪಟ್ಟಣಗಳಲ್ಲಿ ಅಲ್ಲೊಂದು ಇಲ್ಲೊಂದು, ಲಂಡನ್ನಿನಲ್ಲಿ ಒಂದೇ ಒಂದು. ಅದು ಅವರದು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ ಅವರು ನಮ್ಮನ್ನು ಚಹಾಕ್ಕೆ ಕರೆದರು: ನಾನು, ಗಂಡ, ನಮ್ಮ ಇಬ್ಬರು ಹೆಣ್ಣುಮಕ್ಕಳು. ಅಜ್ಜನಿಗೆ ಒಬ್ಬಳೇ ಮಗಳು. ವಾರವಾರವೂ ಅಕ್ಸ್‌ಬ್ರಿಡ್ಜ್‌ನಿಂದ ಬಂದು ಬಟ್ಟೆ ಒಗೆದು, ಅಡುಗೆ ಮಾಡಿ ಫ್ರಿಜ್ ತುಂಬಿಸಿ ಹೋಗುವವಳು. ಮದುವೆಯಾಗಿ ಸರ್‌ನೇಮ್ ಬದಲಾದದ್ದರಿಂದ ನಕಾಶೆಯಲ್ಲಿ ಅವಳಿಗೆ ಸೂಜಿಯಿಲ್ಲ. ಅವಳು ಕೇಕ್ ಕತ್ತರಿಸುತ್ತಿದ್ದಾಗಲೇ ಅಜ್ಜ ಹೇಳಿದರು, “ಲಂಡನ್ನಿನ ಸೂಜಿ ನನ್ನ ಜೊತೆಗೇ ಹೋಗುತ್ತದೆ. ನಮ್ಮ ಮನೆತನ ಇಲ್ಲಿಗೆ ಮುಗಿಯಿತು.”

ಮಗಳು ಕೇಕ್ ಕತ್ತರಿಸುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು. ಮಗಳ ಕೈಯಡುಗೆ ಉಂಡು ಇಂಥ ಮಾತು; ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ಆದರೂ ಮುದುಕರು, ಅವರ ದೇಶ, ಅವರ ಪದ್ಧತಿ ಎಂದು ನುಂಗಿಕೊಂಡೆ.

ಆಗ ನನ್ನ ಗಂಡ ನಗುತ್ತಾ ಇಂಗ್ಲಿಷಿನಲ್ಲಿ, “ನಮ್ಮದೂ ಅದೇ ಕಥೆ. ಎರಡೂ ಹೆಣ್ಣು” ಎಂದರು.

ಇದನ್ನು ನುಂಗಲಾಗಲಿಲ್ಲ. ಕುಂದಾಪುರದ ಕಡೆಯ ನಮ್ಮ ಜನಕ್ಕೆ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಮದುವೆಯ ಮಾತು ಎತ್ತಿದರೆ ಮೊದಲು ಕೇಳುವುದೇ ಅದನ್ನು. ಒಂದೇ ಬಳಿಯಾದರೆ ಅಣ್ಣ ತಂಗಿಯಂತೆ, ಸಂಬಂಧ ಕೂಡುವುದಿಲ್ಲ. ಗಂಡಸಿನ ಬಳಿ ಅವನ ಮಕ್ಕಳಿಗೆ ಹೋಗುವುದಿಲ್ಲ, ಹೆಂಗಸಿನದು ಹೋಗುತ್ತದೆ. ಈ ಮನುಷ್ಯನಿಗೆ ಅದು ಗೊತ್ತಿಲ್ಲವೇ? ಇವರ ಸರ್‌ನೇಮ್ ಎಂದರೆ ಪಾಸ್‌ಪೋರ್ಟ್ ಮಾಡಿಸುವಾಗ ಜಾಗ ಖಾಲಿ ಬಿಡಬಾರದೆಂದು ತುಂಬಿಸಿದ ಊರ ಹೆಸರು. ಅದೇ ಊರ ಹೆಸರು ಹೊತ್ತು ಕಿಂಗ್ಸ್‌ಬರಿಯಲ್ಲಿ ಹೋಟೆಲು ನಡೆಸುವವರು ನಮಗೆ ನೆಂಟರೂ ಅಲ್ಲ. ಅಂಥದ್ದಕ್ಕೆ ಈಗ ವಂಶದ ಚಿಂತೆ.

ಎಲ್ಲರೆದುರೇ ನಮ್ಮ ಕುಂದಾಪುರದ ಮಾತಿನಲ್ಲಿ ಗಂಡನನ್ನು ಕೇಳಿದೆ, “ನಿಮ್ಮ ಬಳಿ ಯಾರಿಂದ ಬಂದದ್ದ್? ಹೇಳಿ ಕಾಂಬ.”

“ಅಬ್ಬಿಯಿಂದ” ಎಂದರು; ತಾಯಿಗೆ ನಮ್ಮಲ್ಲಿ ಅಬ್ಬಿ ಎನ್ನುವುದು.

“ಹಂಗಾರೆ ಈ ಮಕ್ಕಳ್ದ್ ಹೆಂಗ್ ಮುಗೀತ್?”

“ತಮಾಷೆಗೆ ಹೇಳಿದ್ದ್ ಮಾರಾಯ್ತಿ.”

ನಮ್ಮ ಮಾತು ಪೂರ್ತಿ ತಿಳಿದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುವ ನಮ್ಮ ದೊಡ್ಡವಳು ತಟ್ಟೆ ಕೆಳಗಿಟ್ಟಳು.

“ಡ್ಯಾಡಿ, ನಾವಿಬ್ಬರೂ ಇಲ್ಲೇ ಕೂತಿದ್ದೇವೆ. ಮುಗಿದದ್ದು ಏನು?”

ಇಂಗ್ಲಿಷಿನಲ್ಲಿ ಕೇಳಿದ್ದರಿಂದ ಅಜ್ಜನ ಮಗಳಿಗೂ ಅರ್ಥವಾಯಿತು. ಅವಳು ಚಾಕು ಬದಿಗಿಟ್ಟು ತನ್ನ ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಇಬ್ಬರು ಗಂಡಸರೂ ಚಹಾದ ಕಪ್ಪು ಎತ್ತಿಕೊಂಡರು.