ಗೊಂಬೆ ಸಾಲಿನಲ್ಲಿ ಬೂಟುಗಾಲಿನವನು

ಗೊಂಬೆ ಕೂರಿಸುವುದು ಎಂದು ನಾವು ಹೇಳುತ್ತೇವಾದರೂ ನಿಜವಾದ ಕಷ್ಟವಿರುವುದು ಅವನ್ನು ನಿಲ್ಲಿಸುವುದರಲ್ಲಿ. ಪ್ರತಿ ನವರಾತ್ರಿಗೂ ಈ ಪರದೇಶದ ಬೆರ್ರಿಯೆಸಾ ಎಂಬ ಬಡಾವಣೆಯ ನಮ್ಮ ಮನೆಯಲ್ಲಿ, ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳ ಮೇಲೆ ಬಿಳಿ ಪಂಚೆ ಹಾಸಿ ಮಾಡಿದ ಮೆಟ್ಟಿಲುಗಳ ಮೇಲೆ, ಯಾವುದಾದರೊಂದು ಗೊಂಬೆ ವಾಲಿಯೇ ವಾಲುತ್ತದೆ. ನಾನು ಮಂಡಿಯೂರಿ, ಮಡಚಿದ ಕಾಗದವೊಂದನ್ನು ಅದರ ಪಾದದಡಿಗೆ ತುರುಕಿ, ಸಾಮ್ರಾಜ್ಯವೊಂದನ್ನು ಉಳಿಸಿದ ಮಂತ್ರಿಯ ಗತ್ತಿನಲ್ಲಿ ಸೊಂಟ ಹಿಡಿದುಕೊಂಡು ಏಳುತ್ತೇನೆ. ಈ ಸಲ ವಾಲಿದವನು ಮಾತ್ರ ಮೈಸೂರಿನ ಕಡೆಯವನಲ್ಲ.

ಅವನು ಬ್ರೆಜಿಲ್ಲಿನವನು. ಗೇಣುದ್ದದ ಕಂಚಿನ ಗಡ್ಡಧಾರಿ. ಅಗಲ ಟೋಪಿ, ಕೈಯಲ್ಲಿ ಬಂದೂಕು, ತೊಡೆಯವರೆಗೆ ಬೂಟು. ತಂದುಕೊಟ್ಟವಳು ಪಕ್ಕದ ಮನೆಯ ಲೂಸಿಯಾ, ಸಾವೊ ಪೌಲೊದಲ್ಲಿ ಹುಟ್ಟಿ ಇಲ್ಲಿ ದಂತವೈದ್ಯೆಯಾಗಿ ನಿವೃತ್ತಳಾದವಳು. ತೀರಿಹೋದ ಅವಳ ತಂದೆಯ ಮೇಜಿನ ಮೇಲೆ ಇದ್ದ ಗೊಂಬೆಯಂತೆ. "ಇವನು ಇರೋ ಮನೆಗೆ ಊಟಕ್ಕೆ ಬರಲ್ಲ ಅಂತಾನೆ ನನ್ನ ಮಗ. ಎಸೆಯೋಣ ಅಂದ್ರೆ ಇದರ ಧೂಳು ಒರೆಸ್ತಿದ್ದ ಅಪ್ಪನ ಕೈ ಕಣ್ಮುಂದೆ ಬರುತ್ತೆ. ನಿಮ್ಮ ಹಬ್ಬದಲ್ಲಿ ಎಲ್ಲ ಥರದವರಿಗೂ ಜಾಗ ಇದೆಯಲ್ಲ, ಇಟ್ಟುಕೋ" ಎಂದು ತನ್ನ ಇಂಗ್ಲಿಷಿನಲ್ಲಿ ಬೇಡಿಕೊಂಡಳು.

ಪೋರ್ಚುಗೀಸರ ಆಳ್ವಿಕೆಯಲ್ಲಿ ಬ್ರೆಜಿಲ್ಲಿನ ಒಳನಾಡಿಗೆ ನುಗ್ಗಿದ ಇಂಥವರಿಗೆ ಬಂದೇರಾಂತೆಗಳೆಂದು ಹೆಸರು. ಬಾವುಟ ಹಿಡಿದು ಹೊರಟವರು ಎಂಬ ಭಾವ. ದೇಶದ ನಕ್ಷೆ ಅಷ್ಟು ವಿಶಾಲವಾದದ್ದು ಅವರ ಕಾಲ್ನಡಿಗೆಯಿಂದ ಎಂದು ಲೂಸಿಯಾಳ ತಂದೆ ಹೆಮ್ಮೆಪಡುತ್ತಿದ್ದರಂತೆ. ಆ ನಡಿಗೆ ಮೂಲನಿವಾಸಿಗಳನ್ನು ಬೇಟೆಯಾಡಿ ಗುಲಾಮರನ್ನಾಗಿಸಲಿಕ್ಕೆ ಎನ್ನುತ್ತಾನೆ ಮೊಮ್ಮಗ. ಕುತೂಹಲದಿಂದ ಓದುತ್ತಾ ಹೋದೆ. ಚಿನ್ನ ಹುಡುಕಿದ್ದೂ, ಊರುಗಳನ್ನು ಹಾಳುಗೆಡವಿ ಜನರನ್ನು ಕಟ್ಟಿ ಎಳೆತಂದದ್ದೂ ಅದೇ ಕಾಲುಗಳು. ಆ ಬಂದೇರಾಂತೆಗಳಲ್ಲಿ ಎಷ್ಟೋ ಜನರ ತಾಯಂದಿರೇ ಮೂಲನಿವಾಸಿಗಳಂತೆ. ಇನ್ನೂ ವಿಚಿತ್ರವೆಂದರೆ ಅವರು ಹೆಚ್ಚಾಗಿ ಬರಿಗಾಲಿನಲ್ಲೇ ನಡೆದರಂತೆ. ಬೂಟು ತೊಡಿಸಿದ್ದು ಎಷ್ಟೋ ಕಾಲದ ನಂತರದ ಶಿಲ್ಪಿಗಳು.

ಶಿಲ್ಪಿಗಳನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ನಮ್ಮ ಸಾಲಿನಲ್ಲೂ ಒಬ್ಬ ಮಣ್ಣಿನ ಸಿಪಾಯಿಯಿದ್ದಾನೆ. ಅವನು ಟಿಪ್ಪುವಿನ ಕಡೆಯವನೆಂದು ಅಜ್ಜಿ ಹೇಳಿದ್ದರೆಂದು ನಾನು, ಕಂಪನಿ ಸರ್ಕಾರದವನೆಂದು ಹೇಳಿದ್ದರೆಂದು ಅಕ್ಕ, ಇಬ್ಬರೂ ಫೋನಿನಲ್ಲಿ ಅಷ್ಟೇ ಖಚಿತವಾಗಿ ವಾದಿಸುತ್ತೇವೆ. ನೆನಪೂ ಬರಿಗಾಲು ಕಂಡಲ್ಲೆಲ್ಲ ಬೂಟು ತೊಡಿಸುತ್ತದೆ.

ಎತ್ತರದ ಕಾರಣಕ್ಕೆ, ಬೇರೆ ಯಾವ ತತ್ತ್ವಕ್ಕೂ ಅಲ್ಲ, ನಾನು ಬ್ರೆಜಿಲ್ಲಿನವನನ್ನು ಪಟ್ಟದ ರಾಜ-ರಾಣಿಯರ ಪಕ್ಕದಲ್ಲಿ ನಿಲ್ಲಿಸಿದ್ದೆ. ಹೈಸ್ಕೂಲಿನಲ್ಲಿರುವ ಮಗಳು ಅನ್ವಿತಾ ನೋಡಿದಳು. "ಅಮ್ಮಾ, ಸೀರಿಯಸ್ಲೀ? ಹೀ ಹಂಟೆಡ್ ಪೀಪಲ್! ಮೈ ಫ್ರೆಂಡ್ಸ್ ಆರ್ ಕಮಿಂಗ್." ಸಂಜೆಯ ಹೊತ್ತಿಗೆ ಅವನು ಕೆಳಗಿನ ಮೆಟ್ಟಿಲಿನ ಮೃಗಾಲಯಕ್ಕೆ ವರ್ಗವಾಗಿ, ಬಾಯ್ದೆರೆದ ಮಣ್ಣಿನ ಹುಲಿಯ ಎದುರು ನಿಂತಿದ್ದ. ಅರಿಶಿನ ಕುಂಕುಮಕ್ಕೆ ಬಂದ ಧಾರವಾಡದ ಸರೋಜಕ್ಕ ಬಗ್ಗಿ ನೋಡಿ, "ಯಾರವಾ ಇಂವ, ಫಾರೆಸ್ಟ್ ಆಫೀಸರೇನು? ಹುಲಿ ಮುಂದ ಭಾಳ ಧೈರ್ಯದಿಂದ ನಿಂತಾನಲ್ಲ!" ಎಂದರು. "ದ ಹುಲಿ ಈಸ್ ವಿನ್ನಿಂಗ್, ಆಂಟಿ" ಎಂದಳು ಮಗಳು.

ವಿಜಯದಶಮಿಯ ಸಂಜೆ ಲೂಸಿಯಾ ಬಂದಳು. ಹುಲಿಯನ್ನು ನೋಡಿ ನಕ್ಕಳು. ಆಮೇಲೆ ಅವಳ ಮುಖ ಸಣ್ಣಗಾಯಿತು. ಮಗಳನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ನಾನು ಕಾಫಿಗೆ ಎದ್ದೆ. ಅಷ್ಟರಲ್ಲಿ ಅನ್ವಿತಾ, ಪ್ರತಿವರ್ಷದ ಪದ್ಧತಿಯಂತೆ, ರಾಜನನ್ನು ಮೆಲ್ಲಗೆ ಮಲಗಿಸಿದಳು, ರಾಣಿಯನ್ನು ಮಲಗಿಸಿದಳು, ನಂತರ ಕಂಚಿನವನಿಗೆ ಕೈಹಾಕಿದಳು.

"ಅವನನ್ನು ಬೀಳಿಸ್ತಿದ್ದೀಯಾ?" ಲೂಸಿಯಾಳ ದನಿ ಒಡೆದಿತ್ತು.

"ನೋ, ನೋ. ಎವ್ರಿಬಡಿ ಸ್ಲೀಪ್ಸ್. ದ ಕಿಂಗ್ ಗೋಸ್ ಫಸ್ಟ್."

ಮುಂದಿನ ವರ್ಷ ಯಾರು ಎಲ್ಲಿ ನಿಲ್ಲಬೇಕೆಂದು ಮತ್ತೆ ಕೇಳಿಯೇ ಎಬ್ಬಿಸುವುದು ಎಂದು ನಾನು ಸೇರಿಸಿದೆ. ಅಜ್ಜಿ ಹಾಗೆ ಹೇಳಿದ್ದರೋ, ಲೂಸಿಯಾಳ ಮುಖ ನೋಡಿ ನಾನೇ ಆಗ ಕಟ್ಟಿದೆನೋ, ಪ್ರಮಾಣ ಮಾಡಲಾರೆ. ಆದರೆ ಹೇಳಿದ ಮೇಲೆ ಅನ್ನಿಸಿತು: ಚೌಕಗಳಲ್ಲಿ ನಿಂತ ಪ್ರತಿಮೆಗಳ ಕಷ್ಟವೇ ಇದು, ಅವುಗಳಿಗೆ ದಶಮಿಯಿಲ್ಲ. ಮಲಗಲು ಬಾರದವನನ್ನು ಒಂದು ದಿನ ಉರುಳಿಸಬೇಕಾಗುತ್ತದೆ.

ಲೂಸಿಯಾ ಅನ್ವಿತಾಳ ಪಕ್ಕದಲ್ಲಿ ಕುಳಿತಳು. ಬೆರಳಿನಿಂದ ಟೋಪಿಯ ಧೂಳು ಒರೆಸಿ, ಗೊಂಬೆಯನ್ನು ತಾನೇ ಮಲಗಿಸಿದಳು. "ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ಭಾನುವಾರ ಮಗನನ್ನು ಊಟಕ್ಕೆ ಕರೀತೀನಿ. ಮುಂದಿನ ವರ್ಷ ಯಾವ ಮೆಟ್ಟಿಲು, ಮೆಟ್ಟಿಲು ಬೇಕೋ ಬೇಡವೋ, ಅವನನ್ನೇ ಕೇಳ್ತೀನಿ."

ಅವಳು ಹೋದ ಮೇಲೆ ಹುಲಿಯ ಮುಂದೆ, ಕಂಚಿನವನ ಪಾದದಡಿಗೆ ನಾನು ತುರುಕಿದ್ದ ಮಡಚಿದ ಕಾಗದ ಸಿಕ್ಕಿತು. ಗೊಂಬೆಯ ಜೊತೆಗಿಡಲು ಹೋಗಿ ಕೈ ತಡೆದೆ. ಮಲಗಿದವನಿಗೆ ಅದು ಬೇಕಿರಲಿಲ್ಲ.